ಮೇಲ್ವಿಚಾರಕರು ಎಲ್ಲಿ ನಿಂತಿರುತ್ತಾರೆ?

ಕೆಲವು ವರ್ಷಗಳ ಹಿಂದೆ ನಾವು ಒಂದು ತರಬೇತಿ ಕೇಂದ್ರವನ್ನು ನೋಡಲು ಹೋಗಿದ್ದೆವು. ಕಟ್ಟಡ ಚೊಕ್ಕಟವಾಗಿದ್ದಿತು, ಅಂಗಳದಲ್ಲಿ ಹೂಗಿಡಗಳಿದ್ದುವು. ಸುಮಾರು ಇಪ್ಪತ್ತೈದು ವರ್ಷದ ಯುವಕನೊಬ್ಬನು ಮೇಜಿನ ಬಳಿ ಕುಳಿತು ಕಾಗದದ ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದನು. ನಾವು ಅವನ ಹೆಸರನ್ನು ಕೇಳಿದೆವು. ಅವನು ತಲೆಯೆತ್ತಿ ತುಟಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ನಿಂತಿದ್ದ ಮುಖ್ಯಸ್ಥರು ಅವನ ಹೆಸರನ್ನು ಹೇಳಿಬಿಟ್ಟರು. ಊರು ಯಾವುದೆಂದು ಕೇಳಿದಾಗಲೂ ಹಾಗೆಯೇ ಆಯಿತು. ಮುಖ್ಯಸ್ಥರು ಕೆಟ್ಟವರೇನೂ ಅಲ್ಲ. ನಮ್ಮ ಸಮಯ ವ್ಯರ್ಥವಾಗಬಾರದೆಂಬ ಸೌಜನ್ಯವೇ ಅವರಿಂದ ಉತ್ತರ ಹೇಳಿಸಿತು. ಯುವಕನು ಮತ್ತೆ ಅಂಟಿನ ಕಡೆಗೆ ತಿರುಗಿದನು. ಅವನಿಗೆ ಚೆನ್ನಾಗಿಯೇ ಮಾತು ಬರುತ್ತದೆಂಬುದು ನಮಗೆ ತಿಳಿದದ್ದು ನಾವು ಹೊರಡುವಾಗ, ಅವನು ಬಾಗಿಲವರೆಗೆ ಬಂದು ನಮ್ಮ ಹೆಸರನ್ನು ಕೇಳಿದ ಮೇಲೆ.

ಮಾತು ಬರುವವನು ಏಕೆ ಮೂಕನಂತೆ ಕುಳಿತಿದ್ದನು? ಅವನ ಮೆದುಳಿನ ಸ್ಥಿತಿ ಅದಕ್ಕೆ ಎಷ್ಟು ಕಾರಣ, ಅವನ ಪಕ್ಕದಲ್ಲಿ ನಿಂತಿದ್ದವರ ನಡತೆ ಎಷ್ಟು ಕಾರಣ? ಇದು ಕೇವಲ ಮರುಕದ ಪ್ರಶ್ನೆಯಲ್ಲ. ಇದನ್ನು ಅಳತೆಗೆ ಒಳಪಡಿಸಿ ಉತ್ತರ ಹುಡುಕಿದ ವಿಜ್ಞಾನಿಗಳಿದ್ದಾರೆ. ಅವರ ಕೆಲಸದ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದೆರಡು ಮಾತಿನಲ್ಲಿ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಮಗು ಗರ್ಭದಲ್ಲಿರುವಾಗಲೋ ಹುಟ್ಟುವಾಗಲೋ ಬಾಲ್ಯದಲ್ಲಿಯೋ ಮೆದುಳಿನ ಬೆಳವಣಿಗೆಯಲ್ಲಿ ವ್ಯತ್ಯಾಸವುಂಟಾಗಿ, ಕಲಿಕೆ, ಮಾತು, ಚಲನೆ, ಜನರೊಡನೆ ವ್ಯವಹಾರ ಇವುಗಳಲ್ಲಿ ಒಂದಾಗಲಿ ಹಲವಾಗಲಿ ಜೀವಮಾನವಿಡೀ ಕಷ್ಟವಾಗುವ ಸ್ಥಿತಿಗಳಿಗೆ ಬೆಳವಣಿಗೆಯ ವೈಕಲ್ಯಗಳೆಂದು ಹೆಸರು. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಈ ಗುಂಪಿಗೆ ಸೇರಿದುವು. ೨೧ನೆಯ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಉಂಟಾಗುವ ಡೌನ್ ಸಿಂಡ್ರೋಮ್ ಬೌದ್ಧಿಕ ವೈಕಲ್ಯದ ಪ್ರಸಿದ್ಧ ಕಾರಣಗಳಲ್ಲಿ ಒಂದು. ಇವು ಔಷಧ ಕೊಟ್ಟು ವಾಸಿಮಾಡುವ ರೋಗಗಳಲ್ಲ. ಆದರೆ ಇಂಥವರು ಕಲಿಯಲಾರರೆಂಬುದೂ ಸುಳ್ಳು. ನಿಧಾನವಾಗಿಯಾದರೂ ಬಾಳಿನುದ್ದಕ್ಕೂ ಕಲಿಯುತ್ತಾರೆ. ಹಿಂದಿನ ಪುಸ್ತಕಗಳಲ್ಲಿ ಕಾಣುವ ‘ಬುದ್ಧಿಮಾಂದ್ಯರು’ ಎಂಬ ಪದವನ್ನು ಅವರಲ್ಲನೇಕರು ಅವಮಾನವೆಂದು ಭಾವಿಸುವುದರಿಂದ ನಾವಿಲ್ಲಿ ಅದನ್ನು ಬಳಸುವುದಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಯೂರೋಪು, ಅಮೆರಿಕಗಳಲ್ಲಿ ಇಂಥ ಸಾವಿರಾರು ಮಕ್ಕಳನ್ನೂ ವಯಸ್ಕರನ್ನೂ ಊರ ಹೊರಗಿನ ದೊಡ್ಡ ಆಸ್ಪತ್ರೆಗಳಲ್ಲಿ ಇರಿಸುವುದು ವಾಡಿಕೆಯಾಗಿದ್ದಿತು. ಆಸ್ಪತ್ರೆ ಎಂಬ ಹೆಸರಿದ್ದರೂ ಅಲ್ಲಿ ವಾಸಿಯಾಗಿ ಹೊರಬರುವುದೆಂಬುದು ಇರಲಿಲ್ಲ. ಸೇರಿದವರು ಸಾಯುವವರೆಗೆ ಅಲ್ಲಿಯೇ. ಸಾಲುಸಾಲು ಮಂಚಗಳು, ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಸ್ನಾನ, ಒಗೆದು ಬಂದ ರಾಶಿಯಿಂದ ಕೈಗೆ ಸಿಕ್ಕಿದ ಅಂಗಿ. ಅಲ್ಲಿನ ಮಕ್ಕಳು ಮಾತನಾಡುತ್ತಿರಲಿಲ್ಲ, ಆಡುತ್ತಿರಲಿಲ್ಲ, ಗಂಟೆಗಟ್ಟಲೆ ತೂಗಾಡುತ್ತ ಕುಳಿತಿರುತ್ತಿದ್ದರು. ಇದೆಲ್ಲವೂ ವೈಕಲ್ಯದ ಲಕ್ಷಣವೆಂದೇ ವೈದ್ಯರು ಬರೆದಿಡುತ್ತಿದ್ದರು.

ಹಾಗಲ್ಲದೆ ಇರಬಹುದೆಂದು ಸಂದೇಹಪಟ್ಟವರಲ್ಲಿ ಜ್ಯಾಕ್ ಟಿಜಾರ್ಡ್ ಮುಖ್ಯರಾದವರು. ೧೯೧೯ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸಮಾಡಿದ ಮನಶ್ಶಾಸ್ತ್ರಜ್ಞರು ಇವರು. ಲಂಡನ್ನಿನ ಫೌಂಟನ್ ಆಸ್ಪತ್ರೆಯಿಂದ ೧೯೫೮ರಲ್ಲಿ ಹದಿನಾರು ಮಕ್ಕಳನ್ನು ಆರಿಸಿ, ಸರ್ರಿ ಪ್ರಾಂತದ ಬ್ರೂಕ್‌ಲ್ಯಾಂಡ್ಸ್ ಎಂಬ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳು ಚಿಕ್ಕ ಚಿಕ್ಕ ಗುಂಪುಗಳಾಗಿ, ತಮ್ಮವರೆಂದು ಹೇಳಿಕೊಳ್ಳಬಹುದಾದ ಪಾಲಕಿಯರೊಡನೆ ಬಾಳಿದರು. ಶಿಶುವಿಹಾರದ ಮಕ್ಕಳಿಗೆ ದೊರೆಯುವ ಆಟ, ಹಾಡು, ಕಥೆ, ತೋಟದಲ್ಲಿ ಓಡಾಟ ಎಲ್ಲವೂ ಇವರಿಗೂ ದೊರೆಯಿತು. ವಿಶೇಷ ಔಷಧವಿಲ್ಲ, ವಿಶೇಷ ಯಂತ್ರವಿಲ್ಲ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು. ಮಕ್ಕಳು ಹೇಗಾದರೂ ಬೆಳೆಯುತ್ತಾರಲ್ಲವೆ? ಎರಡು ವರ್ಷ ಕಳೆದ ಮೇಲೆ ಅವರು ಹೆಚ್ಚು ಮಾತನಾಡಿದರೆ ಅದು ಮನೆಯ ಗುಣವೋ ಕಾಲದ ಗುಣವೋ? ಟಿಜಾರ್ಡರು ಇದನ್ನು ಮೊದಲೇ ಯೋಚಿಸಿದ್ದರು. ಮನೆಗೆ ಹೋದ ಒಬ್ಬೊಬ್ಬ ಮಗುವಿಗೂ ಹೋಲುವಂಥ ಇನ್ನೊಂದು ಮಗುವನ್ನು ಗುರುತಿಸಿ, ಆ ಹದಿನಾರು ಮಕ್ಕಳು ಆಸ್ಪತ್ರೆಯಲ್ಲಿಯೇ ಮುಂದುವರಿಯುವಂತೆ ಪ್ರಯೋಗವನ್ನು ಅಳವಡಿಸಿದ್ದರು. ಎರಡು ವರ್ಷಗಳ ಕೊನೆಗೆ ಎರಡು ಗುಂಪುಗಳನ್ನೂ ಪರೀಕ್ಷಿಸಲಾಯಿತು. ಮಾತಿನ ಶಕ್ತಿಯನ್ನು ‘ಮನೋವಯಸ್ಸು’ ಎಂಬ ಅಳತೆಯಿಂದ, ಎಂದರೆ ಸಾಮಾನ್ಯವಾಗಿ ಎಷ್ಟು ತಿಂಗಳ ಮಗು ಅಷ್ಟು ಮಾತನ್ನು ಆಡೀತು ಎಂಬ ಲೆಕ್ಕದಿಂದ, ಗುಣಿಸಿದರು. ಆಸ್ಪತ್ರೆಯಲ್ಲಿ ಉಳಿದ ಮಕ್ಕಳು ಸರಾಸರಿ ೬ ತಿಂಗಳಷ್ಟು ಮುಂದುವರಿದಿದ್ದರು. ಬ್ರೂಕ್‌ಲ್ಯಾಂಡ್ಸಿನ ಮಕ್ಕಳು ೧೪ ತಿಂಗಳು. ವೈಕಲ್ಯದ ಲೆಕ್ಕಕ್ಕೆ ಬರೆದಿದ್ದ ಮೌನದಲ್ಲಿ ಒಂದು ದೊಡ್ಡ ಪಾಲು ಆಸ್ಪತ್ರೆಯ ಲೆಕ್ಕಕ್ಕೆ ಸೇರಬೇಕಾಗಿದ್ದಿತು! ಹದಿನಾರು ಮಕ್ಕಳ ಪ್ರಯೋಗ ಚಿಕ್ಕದೆಂಬುದು ನಿಜ. ಆದರೂ ಜೋಡಿಗುಂಪು ಇದ್ದುದರಿಂದ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಾಗಲಿಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿದ್ದ ದೋಷ ಯಾವುದು? ಮಂದಿ ಹೆಚ್ಚು ಎಂಬುದೇ? ದಾದಿಯರು ಕಡಿಮೆ ಎಂಬುದೇ? ಹಣದ ಕೊರತೆಯೇ? ನಮ್ಮಲ್ಲಿ ಯಾರನ್ನು ಕೇಳಿದರೂ ಈ ಮೂರರಲ್ಲಿ ಒಂದನ್ನು ಹೇಳುತ್ತಾರೆ. ನಾವೂ ಹಾಗೆಯೇ ಎಣಿಸಿದ್ದೆವು. ಟಿಜಾರ್ಡರು ರಾಯ್ ಕಿಂಗ್, ನಾರ್ಮಾ ರೇನ್ಸ್ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ ಇದನ್ನೇ ಬೆನ್ನುಹತ್ತಿದರು. ಅವರ ಗ್ರಂಥ ಪ್ರಕಟವಾದದ್ದು ೧೯೭೧ರಲ್ಲಿ. ವೈಕಲ್ಯವುಳ್ಳ ಮಕ್ಕಳಿದ್ದ ಆಸ್ಪತ್ರೆಗಳನ್ನೂ, ಸ್ಥಳೀಯ ಆಡಳಿತಗಳು ನಡೆಸುತ್ತಿದ್ದ ವಸತಿಗೃಹಗಳನ್ನೂ ಅವರು ಹೋಲಿಸಿ ನೋಡಿದರು.

ಅಳೆಯುವುದಾದರೂ ಹೇಗೆ? ಪ್ರೀತಿಯನ್ನು ತಕ್ಕಡಿಯಲ್ಲಿ ತೂಗಲಾಗದು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ನರು ೧೯೬೧ರಲ್ಲಿ ಪ್ರಕಟಿಸಿದ್ದ ಗ್ರಂಥದ ವಿಚಾರಗಳನ್ನು ಆಧರಿಸಿ ಅವರು ನಾಲ್ಕು ಗುರುತುಗಳನ್ನು ಹಿಡಿದರು. ದಿನಚರಿ ಎಷ್ಟು ಬಿಗಿಯಾಗಿದೆ ಎಂಬುದು ಒಂದು: ಭಾನುವಾರವಾದರೂ ಹಬ್ಬವಾದರೂ ಏಳುವ ಹೊತ್ತು ಬದಲಾಗುವುದಿಲ್ಲವೆ? ಮಕ್ಕಳನ್ನು ಒಬ್ಬೊಬ್ಬರಾಗಿ ಕಾಣುತ್ತಾರೋ ಹಿಂಡಾಗಿಯೋ ಎಂಬುದು ಇನ್ನೊಂದು: ಸ್ನಾನಕ್ಕೆ ಮೊದಲು ಎಲ್ಲರೂ ಸಾಲಿನಲ್ಲಿ ಕಾದು ನಿಲ್ಲಬೇಕೆ? ತನ್ನದು ಎಂಬ ವಸ್ತು ಮಗುವಿಗೆ ಇದೆಯೆ, ಅದನ್ನು ಇಟ್ಟುಕೊಳ್ಳಲು ಜಾಗವಿದೆಯೆ, ಅದರ ಹುಟ್ಟುಹಬ್ಬವನ್ನು ಯಾರಾದರೂ ನೆನೆಯುತ್ತಾರೆಯೆ ಎಂಬುದು ಮೂರನೆಯದು. ನಾಲ್ಕನೆಯದು ನಮಗೆ ಅತ್ಯಂತ ಮಾರ್ಮಿಕವಾಗಿ ತೋರುತ್ತದೆ: ಸಿಬ್ಬಂದಿಯವರು ಮಕ್ಕಳೊಡನೆ ಕುಳಿತು ಉಣ್ಣುತ್ತಾರೆಯೆ, ಅಥವಾ ನಿಂತು ನೋಡುತ್ತಾರೆಯೆ? ಇಂಥ ಪ್ರಶ್ನೆಗಳಿಗೆ ಅಂಕಗಳನ್ನು ಕೊಟ್ಟು, ಕೂಡಿಸಿ, ಪ್ರತಿಯೊಂದು ಗೃಹವನ್ನೂ ಒಂದು ಅಳತೆಗೋಲಿನ ಮೇಲೆ ಗುರುತಿಸಿದರು. ಗೋಲಿನ ಒಂದು ತುದಿಯಲ್ಲಿ ಮಗುವಿಗಾಗಿ ನಡೆಯುವ ಮನೆ. ಮತ್ತೊಂದು ತುದಿಯಲ್ಲಿ ಸಂಸ್ಥೆಯ ಅನುಕೂಲಕ್ಕಾಗಿ ನಡೆಯುವ ಸಂಸ್ಥೆ.

ವಸತಿಗೃಹಗಳು ಒಂದು ತುದಿಯ ಕಡೆಗೂ ಆಸ್ಪತ್ರೆಗಳು ಇನ್ನೊಂದರ ಕಡೆಗೂ ಬಂದುದು ನಿರೀಕ್ಷಿತವೇ. ಅನಿರೀಕ್ಷಿತವಾದದ್ದು ಕಾರಣ. ಸಂಸ್ಥೆಯ ಗಾತ್ರದಿಂದಾಗಲಿ, ಮಕ್ಕಳಿಗೆ ಸಿಬ್ಬಂದಿ ಎಷ್ಟು ಮಂದಿ ಎಂಬ ಪ್ರಮಾಣದಿಂದಾಗಲಿ, ಮಕ್ಕಳ ವೈಕಲ್ಯದ ತೀವ್ರತೆಯಿಂದಾಗಲಿ ಈ ವ್ಯತ್ಯಾಸವನ್ನು ವಿವರಿಸಲು ಸಾಧ್ಯವಾಗಲಿಲ್ಲ. ಅದು ಕೂಡಿಬಂದದ್ದು ಮೇಲ್ವಿಚಾರಕರ ಪಾತ್ರದೊಡನೆ. ವಸತಿಗೃಹದ ಮೇಲ್ವಿಚಾರಕರಿಗೆ ತಮ್ಮ ಮನೆಯ ವಿಷಯದಲ್ಲಿ ನಿರ್ಧಾರ ಮಾಡುವ ಅಧಿಕಾರವಿದ್ದಿತು. ಅವರು ತಮ್ಮ ಹೊತ್ತನ್ನು ಹೆಚ್ಚಾಗಿ ಮಕ್ಕಳ ನಡುವೆಯೇ ಕಳೆಯುತ್ತಿದ್ದರು, ಮಕ್ಕಳನ್ನು ಮಾತನಾಡಿಸುತ್ತಿದ್ದರು. ಆಸ್ಪತ್ರೆಯ ವಾರ್ಡಿನ ಮುಖ್ಯ ದಾದಿಗೆ ಅಂಥ ಅಧಿಕಾರ ಸ್ವಲ್ಪವೇ. ಆಕೆಯ ಹೊತ್ತೆಲ್ಲ ದಾಖಲೆಗಳಲ್ಲಿಯೂ ಸಾಮಾನುಗಳ ಲೆಕ್ಕದಲ್ಲಿಯೂ ಮುಗಿಯುತ್ತಿದ್ದಿತು; ಆಕೆಯ ಕೈಕೆಳಗಿನವರನ್ನೋ ಮೇಲಿನವರು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದರು. ಮುಖ್ಯಸ್ಥರು ಮಾತನಾಡಿಸುವ ಕಡೆ ಕಿರಿಯ ಸಿಬ್ಬಂದಿಯವರೂ ಮಾತನಾಡಿಸುತ್ತಿದ್ದರು. ಮುಖ್ಯಸ್ಥರು ಲೆಕ್ಕದ ಪುಸ್ತಕದಲ್ಲಿ ಮುಳುಗಿದ ಕಡೆ ಕಿರಿಯರು ನೆಲ ತೊಳೆಯುವುದರಲ್ಲಿ ಮುಳುಗುತ್ತಿದ್ದರು. ಮಗುವಿನ ಮಾತು ಬೆಳೆಯುವುದಕ್ಕೂ ಬೆಳೆಯದಿರುವುದಕ್ಕೂ ಮೇಲ್ವಿಚಾರಕರು ದಿನದ ಹೊತ್ತನ್ನು ಎಲ್ಲಿ ನಿಂತು ಕಳೆಯುತ್ತಾರೆಂಬುದಕ್ಕೂ ಸಂಬಂಧವಿದೆಯೆಂದು ಯಾರು ತಾನೆ ಊಹಿಸಿದ್ದರು?

ಆಸ್ಪತ್ರೆಗಳ ಕ್ರೌರ್ಯವೂ ಇದೇ ಕಾಲಕ್ಕೆ ಹೊರಬಿದ್ದಿತು. ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ಬಗ್ಗೆ ವಿಚಾರಣಾ ವರದಿ ಬಂದದ್ದು ೧೯೬೯ರಲ್ಲಿ. ಅಲ್ಲಿಂದ ಮುಂದೆ ಕೆಲವು ದಶಕಗಳಲ್ಲಿ ಬ್ರಿಟನ್ನಿನ ಆ ದೊಡ್ಡ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದುವು. ಜನರು ಸಾಮಾನ್ಯ ಬೀದಿಗಳ ಸಾಮಾನ್ಯ ಮನೆಗಳಿಗೆ ಬಂದರು. ಅತಿ ತೀವ್ರ ವೈಕಲ್ಯವುಳ್ಳವರೂ ಹಾಗೆ ಬಾಳಬಲ್ಲರೆಂಬುದನ್ನು ತೋರಿಸಿದ ಮೊದಲಿಗರಲ್ಲಿ ಜಿಮ್ ಮ್ಯಾನ್ಸೆಲ್ಲರೂ ಅವರ ಸಂಗಡಿಗರೂ ಸೇರಿದ್ದರು. ೧೯೮೧ರಲ್ಲಿ ಇಂಗ್ಲೆಂಡಿನ ಆಂಡೊವರ್ ಪಟ್ಟಣದಲ್ಲಿ ಅವರು ತೆರೆದ ಮನೆಯನ್ನು ನೋಡಲು ಅನೇಕರು ಬಂದರು.

ಇಲ್ಲಿಗೆ ಕಥೆ ಸುಖಾಂತವಾಗಬೇಕಾಗಿದ್ದಿತು, ಆಗಲಿಲ್ಲ. ಇಂಥ ಮನೆಗಳು ನೂರಾರು ಆದ ಮೇಲೆ ಸಂಶೋಧಕರು ಗಡಿಯಾರ ಹಿಡಿದು ಅಲ್ಲಿ ಕುಳಿತರು. ಅವರ ವಿಧಾನ ಸರಳವಾದುದು. ಪ್ರತಿ ನಿಮಿಷಕ್ಕೊಮ್ಮೆ, ಅಥವಾ ಅದಕ್ಕಿಂತಲೂ ಕಡಿಮೆ ಅಂತರದಲ್ಲಿ, ಒಬ್ಬ ನಿವಾಸಿಯ ಕಡೆ ನೋಡಬೇಕು. ಆ ಕ್ಷಣದಲ್ಲಿ ಆತ ಏನಾದರೂ ಮಾಡುತ್ತಿದ್ದಾನೆಯೆ, ಯಾರೊಡನಾದರೂ ಬೆರೆತಿದ್ದಾನೆಯೆ, ಸುಮ್ಮನೆ ಕುಳಿತಿದ್ದಾನೆಯೆ ಎಂದು ಗುರುತುಹಾಕಬೇಕು. ಗಂಟೆಗಟ್ಟಲೆ ಹೀಗೆ ಮಾಡಿದರೆ ಒಂದು ಬಾಳಿನ ಚಿತ್ರ ಸಂಖ್ಯೆಗಳಲ್ಲಿ ಮೂಡುತ್ತದೆ. ಅನೇಕ ಮನೆಗಳಲ್ಲಿ ಆ ಚಿತ್ರ ಹಳೆಯ ಆಸ್ಪತ್ರೆಯದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಗೋಡೆಗೆ ಒಳ್ಳೆಯ ಬಣ್ಣ, ಕಿಟಕಿಗೆ ಪರದೆ. ಆದರೆ ನಿವಾಸಿ ಸೋಫಾದ ಮೇಲೆ ಕೈಕಟ್ಟಿ ಕುಳಿತಿರುತ್ತಾನೆ, ಅಡಿಗೆಯನ್ನೂ ಒಗೆತವನ್ನೂ ಸಿಬ್ಬಂದಿಯವರು ಮಾಡಿ ಮುಗಿಸುತ್ತಾರೆ. ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ನಿವಾಸಿಗಳನ್ನು ಹೊಡೆದು ಹಿಂಸಿಸುತ್ತಿದ್ದುದು ೨೦೧೧ರಲ್ಲಿ ದೂರದರ್ಶನದ ಮೂಲಕ ಬಯಲಾಯಿತು. ಅಲ್ಲಿದ್ದುದು ಕೇವಲ ೨೪ ಹಾಸಿಗೆಗಳು. ಚಿಕ್ಕದಾದ ಮಾತ್ರಕ್ಕೆ ಮನೆಯಾಗುವುದಿಲ್ಲ ಎಂದು ಟಿಜಾರ್ಡರ ಗುಂಪು ನಾಲ್ವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದಿತಷ್ಟೆ!

ಮ್ಯಾನ್ಸೆಲ್ ಮತ್ತು ಸಂಗಡಿಗರು ಇದಕ್ಕೆ ರೂಪಿಸಿದ ಮದ್ದಿಗೆ ‘ಸಕ್ರಿಯ ನೆರವು’ ಎಂದು ಹೆಸರು ಕೊಡಬಹುದು. ಕಾಫಿ ಮಾಡುವುದನ್ನೇ ತೆಗೆದುಕೊಳ್ಳೋಣ. ಮಾತು ಬಾರದ, ಕೈ ಸ್ವಾಧೀನದಲ್ಲಿಲ್ಲದ ವ್ಯಕ್ತಿಯೊಬ್ಬಳು ಕಾಫಿ ಮಾಡಬಲ್ಲಳೆ? ಇಡೀ ಕೆಲಸವನ್ನು ನೋಡಿದರೆ ಆಗದು. ಬಿಡಿಸಿ ನೋಡಿದರೆ ಅದರಲ್ಲಿ ಡಬ್ಬಿ ತೆಗೆಯುವುದಿದೆ, ಚಮಚ ಅದ್ದುವುದಿದೆ, ಸಕ್ಕರೆ ಸುರಿಯುವುದಿದೆ, ಕಲಸುವುದಿದೆ, ಎದುರಿಗಿರುವವರ ಕಡೆ ಲೋಟವನ್ನು ತಳ್ಳುವುದಿದೆ. ನೆರವಿನವರು ಮೊದಲು ಕೇಳುತ್ತಾರೆ, ಸಾಲದಿದ್ದರೆ ಮಾಡೆಂದು ಹೇಳುತ್ತಾರೆ, ಬಳಿಕ ಸನ್ನೆಯಿಂದ ಸೂಚಿಸುತ್ತಾರೆ, ಮಾಡಿ ತೋರಿಸುತ್ತಾರೆ, ಕೊನೆಗೆ ತಮ್ಮ ಕೈಯಿಂದ ಆಕೆಯ ಕೈಯನ್ನು ನಡೆಸುತ್ತಾರೆ. ಒಂದೊಂದು ಹೆಜ್ಜೆಗೆ ಬೇಕಾದಷ್ಟೇ ನೆರವು, ಹೆಚ್ಚಿಲ್ಲ. ಬಿಸಿ ಹಾಲನ್ನು ಸಿಬ್ಬಂದಿಯವರೇ ಸುರಿಯಲಿ. ಸಕ್ಕರೆ ಎಷ್ಟೆಂಬುದನ್ನು ಆಕೆ ನಿರ್ಧರಿಸಲಿ. ಕಾಫಿ ಆಗುವುದಕ್ಕೆ ಮೂರು ನಿಮಿಷದ ಬದಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ, ಆ ಇಪ್ಪತ್ತು ನಿಮಿಷಗಳು ಆಕೆಯವಲ್ಲವೆ?

ಇದನ್ನು ಸಿಬ್ಬಂದಿಗೆ ಒಂದು ದಿನದ ತರಗತಿಯಲ್ಲಿ ಕಲಿಸಿಬಿಟ್ಟರೆ ಸಾಕೆಂದು ಮೊದಲು ಕೆಲವರು ತಿಳಿದರು. ಸಾಲಲಿಲ್ಲ. ತರಗತಿಯಿಂದ ಬಂದವರು ಕೆಲವು ವಾರಗಳಲ್ಲಿ ಹಳೆಯ ರೂಢಿಗೆ ಮರಳುತ್ತಿದ್ದರು, ಏಕೆಂದರೆ ನೆಲ ಹೊಳೆಯುತ್ತಿದೆಯೇ, ದಾಖಲೆ ತುಂಬಿದೆಯೇ ಎಂದೇ ಮೇಲಿನವರು ಕೇಳುತ್ತಿದ್ದರು. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಜೂಲಿ ಬೀಡ್ಲ್‌ಬ್ರೌನ್, ಆಸ್ಟ್ರೇಲಿಯದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನ್ ಬಿಗ್ಬಿ ಮೊದಲಾದವರು ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಅದೇ ಮೇಲ್ವಿಚಾರಕರು ಎದುರಾದರು. ಅವರು ಸಿಬ್ಬಂದಿಯ ಪಕ್ಕದಲ್ಲಿ ನಿಂತು ಕೆಲಸವನ್ನು ನೋಡಬೇಕು, ತಾವೇ ಮಾಡಿ ತೋರಿಸಬೇಕು. ಯಾವ ಹೊತ್ತಿಗೆ ಯಾರು ಯಾರಿಗೆ ನೆರವಾಗಬೇಕೆಂದು ಯೋಜಿಸಬೇಕು. ಒಬ್ಬೊಬ್ಬರೊಡನೆಯೂ, ಎಲ್ಲರೊಡನೆಯೂ ನಿವಾಸಿಯ ಬಾಳು ಹೇಗೆ ನಡೆದಿದೆಯೆಂದು ಚರ್ಚಿಸಬೇಕು. ಇಂಥ ಮುಂದಾಳುತನ ಬಲವಾಗಿದ್ದ ಮನೆಗಳಲ್ಲಿ ನೆರವಿನ ಗುಣಮಟ್ಟವೂ ಮೇಲಾಗಿದ್ದಿತು. ಮುಂದಾಳು ಎಂದರೆ ವೇದಿಕೆಯ ಮೇಲೆ ಭಾಷಣಮಾಡುವವರು ಎಂದು ತಿಳಿದಿರುವ ನಮ್ಮ ತರುಣ ವಾಚಕರು ಈ ಅಡಿಗೆಮನೆಯ ಮುಂದಾಳುಗಳನ್ನು ಸ್ವಲ್ಪ ಗಮನಿಸಬೇಕು.

ಇಷ್ಟರವರೆಗೆ ನಾವು ಮುಂದಾಳುಗಳೆಂದು ಹೇಳಿದುದು ವೈಕಲ್ಯವಿಲ್ಲದವರನ್ನು. ಅದು ಅರ್ಧ ಮಾತು. ತಮ್ಮ ಸೇವೆ ಹೇಗಿರಬೇಕೆಂದು ಹೇಳಲು ಅವರೇ ಏಕೆ ಮುಂದೆ ಬರಬಾರದು? ಸ್ವೀಡನ್ನಿನಲ್ಲಿ ಬೆಂಗ್ಟ್ ನಿರ್ಯೆ ಎಂಬುವರು ೧೯೬೦ರ ದಶಕದಲ್ಲಿ ವೈಕಲ್ಯವುಳ್ಳ ತರುಣರಿಗೆ ಸಭೆ ನಡೆಸುವ ಕ್ರಮವನ್ನು ಅಭ್ಯಾಸ ಮಾಡಿಸುವುದಕ್ಕೆ ಬೆಂಬಲ ಕೊಟ್ಟರು. ೧೯೭೦ರಲ್ಲಿ ಮಾಲ್ಮೊ ನಗರದಲ್ಲಿ ಅಂಥವರ ಪ್ರತಿನಿಧಿಗಳು ಕೂಡಿ ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ಬಿಡುವಿನ ಹೊತ್ತನ್ನು ದೊಡ್ಡ ಹಿಂಡಿನಲ್ಲಿ ಕಳೆಯಲಾರೆವು, ಚಿಕ್ಕ ಗುಂಪು ಸಾಕು ಎಂಬುದೂ ಅವುಗಳಲ್ಲಿ ಸೇರಿದ್ದಿತು. ಟಿಜಾರ್ಡರ ಎರಡನೆಯ ಗುರುತನ್ನು ಇಲ್ಲಿ ನೆನೆದುಕೊಳ್ಳಿ. ವಿಜ್ಞಾನಿ ಅಂಕಗಳಿಂದ ತಿಳಿದುದನ್ನು ಇವರು ಅನುಭವದಿಂದ ಹೇಳಿದರು.

ಅಮೆರಿಕದ ಆರೆಗಾನ್ ರಾಜ್ಯದಿಂದ ೧೯೭೩ರಲ್ಲಿ ಒಂದು ಚಿಕ್ಕ ತಂಡ ಕೆನಡಾದಲ್ಲಿ ಸೇರಿದ್ದ ಇಂಥದೇ ಸಮ್ಮೇಳನಕ್ಕೆ ಹೋಗಿದ್ದಿತು. ಅಲ್ಲಿ ಕಂಡದ್ದು ಅವರಿಗೆ ರುಚಿಸಲಿಲ್ಲ: ಸಮ್ಮೇಳನ ವೈಕಲ್ಯವುಳ್ಳವರದೆಂದು ಹೆಸರು, ನಡೆಸುವವರೆಲ್ಲ ವೃತ್ತಿಪರರು. ಊರಿಗೆ ಮರಳಿ ತಾವೇ ಒಂದು ಸಂಘವನ್ನು ಕಟ್ಟಿದರು. ಉಳಿದುದೆಲ್ಲಕ್ಕೂ ಮೊದಲು ತಾವು ಮನುಷ್ಯರು ಎಂಬರ್ಥದ ‘ಪೀಪಲ್ ಫಸ್ಟ್’ ಎಂಬ ಹೆಸರನ್ನು ಆರಿಸಿಕೊಂಡರು. ೧೯೭೪ರ ಅಕ್ಟೋಬರಿನಲ್ಲಿ ಅವರು ಸೇರಿಸಿದ ಸಮ್ಮೇಳನಕ್ಕೆ ೫೬೦ ಮಂದಿ ಬಂದರು. ಅವರು ಅಷ್ಟು ಜನರನ್ನು ನಿರೀಕ್ಷಿಸಿರಲಿಲ್ಲ. ಇಂದು ಅದೇ ಹೆಸರಿನ ಸಂಘಗಳು ಹಲವು ದೇಶಗಳಲ್ಲಿವೆ.

ಬ್ರಿಟಿಷ್ ಸರ್ಕಾರ ೨೦೦೧ರಲ್ಲಿ ಪ್ರಕಟಿಸಿದ ನೀತಿಪತ್ರದ ಪ್ರಕಾರ ಇಂಗ್ಲೆಂಡಿನ ಪ್ರತಿಯೊಂದು ಸ್ಥಳೀಯ ಆಡಳಿತದ ಸೇವಾಮಂಡಲಿಯಲ್ಲಿಯೂ ವೈಕಲ್ಯವುಳ್ಳವರು ಸದಸ್ಯರಾದರು. ಕುರ್ಚಿ ದೊರೆಯಿತು, ಆದರೆ ಸಭೆಯ ವೇಗಕ್ಕೆ, ದಪ್ಪ ಕಾಗದಪತ್ರಗಳಿಗೆ, ಅಧಿಕಾರಿಗಳ ಸಂಕ್ಷಿಪ್ತಾಕ್ಷರಗಳಿಗೆ ಸಿಕ್ಕಿ ಮೌನವಾಗಿ ಕುಳಿತುಕೊಳ್ಳುವುದಾದರೆ ಕುರ್ಚಿಯಿಂದೇನು ಫಲ? ಅನುಭವದಿಂದ ಕೆಲವು ಉಪಾಯಗಳು ಬೆಳೆದುವು. ಕಾಗದಗಳನ್ನು ಸುಲಭವಾದ ಚಿಕ್ಕ ವಾಕ್ಯಗಳಲ್ಲಿ, ಚಿತ್ರಗಳೊಡನೆ ಬರೆದು ಮೊದಲೇ ಕಳುಹಿಸುವುದು. ಸಭೆಗೆ ಮುಂಚೆ ಒಬ್ಬ ನೆರವಿನವರೊಡನೆ ಕುಳಿತು ಅವನ್ನು ಓದಿಕೊಳ್ಳುವುದು, ಆ ನೆರವಿನವರು ಆದಷ್ಟೂ ಅದೇ ಸೇವೆಯ ನೌಕರರಾಗಿರದಂತೆ ನೋಡಿಕೊಳ್ಳುವುದು. ನಮಗೆ ಎಲ್ಲಕ್ಕಿಂತ ಹಿಡಿಸಿದುದು ಬಣ್ಣದ ಚೀಟಿಗಳ ಉಪಾಯ. ಸದಸ್ಯನೊಬ್ಬ ಕೆಂಪು ಚೀಟಿಯನ್ನು ಎತ್ತಿದರೆ ಮಾತನಾಡುತ್ತಿರುವವರು, ಎಷ್ಟು ದೊಡ್ಡ ಅಧಿಕಾರಿಯೇ ಆಗಿರಲಿ, ಅಲ್ಲಿಗೆ ನಿಲ್ಲಿಸಿ ಅರ್ಥವಾಗುವಂತೆ ಮತ್ತೆ ಹೇಳಬೇಕು. ನಮ್ಮ ಎಷ್ಟೋ ಸಭೆಗಳಲ್ಲಿ ಎಲ್ಲರಿಗೂ ಒಂದೊಂದು ಕೆಂಪು ಚೀಟಿ ಕೊಟ್ಟರೆ ಒಳ್ಳೆಯದೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ದೇಶದ ಮಾತು. ಭಾರತದಲ್ಲಿ ಬೆಳವಣಿಗೆಯ ವೈಕಲ್ಯವುಳ್ಳವರಲ್ಲಿ ಬಹುಪಾಲು ಜನರು ಎಂದೂ ದೊಡ್ಡ ಆಸ್ಪತ್ರೆಗಳಲ್ಲಿ ಇರಲಿಲ್ಲ. ತಾಯಿತಂದೆಗಳ, ಅಣ್ಣತಮ್ಮಂದಿರ ಮನೆಯಲ್ಲಿಯೇ ಬಾಳುತ್ತಾರೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯಗಳುಳ್ಳವರ ಕ್ಷೇಮಕ್ಕಾಗಿಯೇ ಬಂದಿತು. ಅದರ ಆಡಳಿತ ಮಂಡಲಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ, ತಾಯಿತಂದೆಗಳ ಸಂಘಗಳಿಗೆ, ವೈಕಲ್ಯವುಳ್ಳವರ ಸಂಘಗಳಿಗೆ ತಲಾ ಮೂರು ಸ್ಥಾನಗಳನ್ನು ಕಾಯಿದೆ ಹೇಳುತ್ತದೆ. ೨೦೦೬ರ ವಿಶ್ವಸಂಸ್ಥೆಯ ಒಡಂಬಡಿಕೆ, ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ವೈಕಲ್ಯವುಳ್ಳವರನ್ನು ಅವರ ಸಂಘಗಳ ಮೂಲಕ ಸೇರಿಸಿಕೊಳ್ಳಬೇಕೆಂದಿತು. ಭಾರತ ಅದನ್ನು ೨೦೦೭ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಅನುಗುಣವಾದ ನಮ್ಮ ಹೊಸ ಕಾಯಿದೆ ೨೦೧೬ರದು.

ಮನೆ ಎಂಬ ಮಾತ್ರಕ್ಕೆ ಟಿಜಾರ್ಡರ ಅಳತೆಗೋಲಿನಿಂದ ತಪ್ಪಿಸಿಕೊಳ್ಳಲಾಗದು. ಮೂವತ್ತು ವರ್ಷದ ಮಗಳು ನೆಂಟರು ಬಂದಾಗ ಒಳಕೋಣೆಯಲ್ಲಿ ಉಣ್ಣುವುದಾದರೆ ಅದು ನಾಲ್ಕನೆಯ ಗುರುತು. ಅವಳ ಸೀರೆಯನ್ನು ಸದಾ ಅತ್ತಿಗೆಯೇ ಆರಿಸುವುದಾದರೆ ಅದು ಮೂರನೆಯದಕ್ಕೆ ಸಮೀಪ. ಇಂಥ ಮನೆಗಳಲ್ಲಿ ಪ್ರೀತಿಗೆ ಕೊರತೆಯಿರುವುದಿಲ್ಲ. ಆಗಲೇ ಹೇಳಿದಂತೆ, ನಾವು ಕಂಡ ಮುಖ್ಯಸ್ಥರಲ್ಲಿಯೂ ಸೌಜನ್ಯಕ್ಕೆ ಕೊರತೆಯಿರಲಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಚಿಕ್ಕ ಪ್ರಯೋಗವನ್ನು ಸೂಚಿಸುತ್ತೇವೆ. ನಿಮ್ಮ ಪರಿಚಯದ ಮನೆಯಲ್ಲಿಯೋ ಶಾಲೆಯಲ್ಲಿಯೋ ಮಾತು ನಿಧಾನವಾದ ಒಬ್ಬರಿದ್ದರೆ, ಅವರ ಎದುರಿಗೆ ಕುಳಿತು, ಅವರಿಗೆ ಇಷ್ಟವಾದ ತಿಂಡಿ ಯಾವುದೆಂದು ಅವರನ್ನೇ ಕೇಳಿರಿ. ಬಳಿಕ ಸುಮ್ಮನಿರಿ, ಮನಸ್ಸಿನಲ್ಲಿಯೇ ಸೆಕೆಂಡುಗಳನ್ನು ಎಣಿಸುತ್ತಿರಿ. ಉತ್ತರ ಎಷ್ಟು ಸೆಕೆಂಡಿಗೆ ಬಂದಿತು, ಯಾರ ಬಾಯಿಂದ ಬಂದಿತು ಎಂಬುದನ್ನು ಮನೆಗೆ ಹೋದ ಮೇಲೆ ಬರೆದಿಡಿ.